ಮೊದಲ ಪ್ಯಾರಾದಲ್ಲೇ ಸಾಯುವ ಹೆಂಡತಿ

ಮನುಷ್ಯರ ಮನಸ್ಸು ತನಗೆ ಅರ್ಥವಾಗುತ್ತದೆ ಎಂದುಕೊಂಡವನಷ್ಟು ದಡ್ಡ ಇನ್ನೊಬ್ಬನಿಲ್ಲ. ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಆ ದಡ್ಡ ನಾನೇ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ, ಬಿಡುವಿದ್ದಾಗ ಕೊಲೆಯ ಕತೆ ಬರೆಯುತ್ತೇನೆ. ನನ್ನ ಕತೆಗಳಲ್ಲಿ ರಕ್ತ ಕಡಿಮೆ, ಯೋಚನೆ ಜಾಸ್ತಿ. ಕೊಲೆಗಾರ ಕಿಟಕಿಯ ಬಳಿ ಕೂತು ನಾಲ್ಕು ಪುಟ ತನ್ನ ಬಾಲ್ಯವನ್ನೇ ನೆನೆಯುತ್ತಾನೆ. ಬರೆಯುವ ನನ್ನ ಶೌರ್ಯ ಮಾತ್ರ ಅಷ್ಟಕ್ಕಷ್ಟೇ. ಬಚ್ಚಲಲ್ಲಿ ಜಿರಳೆ ಕಂಡರೆ ಹೆಂಡತಿ ಶಾರದಾಳನ್ನು ಕೂಗುತ್ತೇನೆ.

ನನ್ನ ಕತೆಗಳನ್ನು ಮೊದಲು ಓದುವವಳೂ ಆಕೆಯೇ. ಕಳೆದ ತಿಂಗಳು ಒಂದು ಮುಂಜಾನೆ ಹೊಸ ಕತೆ ಓದಿ ಮುಗಿಸಿ, "ಈ ಸಲಾನೂ ನನ್ನ ಕೊಂದೀರಿ," ಎಂದಳು.

"ನಿನ್ನಲ್ಲ, ಅದು ಕತಿ," ಎಂದೆ.

"ಇಳಕಲ್ ಸೀರಿ ಉಟ್ಟಾಳ, ಎಡಗಲ್ಲದ ಮ್ಯಾಲೆ ಮಚ್ಚಿ ಐತಿ, ಶೇಂಗಾ ಹೋಳಿಗಿ ಛಲೋ ಮಾಡ್ತಾಳ. ಮತ್ಯಾರ್ರಿ ಅಕಿ?"

ನಾನು ನಕ್ಕು, ಕಲ್ಪನೆ, ಸುಪ್ತ ಮನಸ್ಸು ಎಂದು ತರಗತಿಯಲ್ಲಿ ಹೇಳುವುದನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಮೇಜಿನ ಮೇಲೆ ಒಂದು ಚೀಟಿ ಇತ್ತು: "ಅವ್ವನ ಕಡೆ ಹೊಂಟೇನಿ." ಜೊತೆಗೆ ನನ್ನ ಕತೆಗಳ ಕಟ್ಟೂ ಹೋಗಿತ್ತು.

ಮೂರು ದಿನ ಶಾರದಾ ಫೋನು ಎತ್ತಲಿಲ್ಲ. ಭಾನುವಾರ ಆಕೆಯ ತವರು ಇಳಕಲ್ಲಿನ ಬಸ್ಸು ಹತ್ತಿದೆ. ಆಕೆ ಈಗ ಏನು ಯೋಚಿಸುತ್ತಿರಬಹುದೆಂದು ಹುನಗುಂದದವರೆಗೂ ಊಹಿಸಿ ನೋಡಿದೆ. ಕೊಲೆಗಾರನ ಮನಸ್ಸಾಗಿದ್ದರೆ ಹತ್ತು ಪುಟ ಹೊಳೆಯುತ್ತಿತ್ತು. ಹದಿನಾಲ್ಕು ವರ್ಷ ಜೊತೆಗಿದ್ದ ಹೆಂಡತಿಯ ಬಗ್ಗೆ ಒಂದು ಸಾಲೂ ಹೊಳೆಯಲಿಲ್ಲ.

ಅತ್ತೆ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ಕೈ ನಿಲ್ಲಿಸಿ, "ಬರ್ರಿ ಅಳಿಯಾರ, ಕೂಡ್ರಿ," ಎಂದರು. ಪಕ್ಕದಲ್ಲಿ ನನ್ನ ಕತೆಗಳ ಕಟ್ಟಿತ್ತು.

"ಎಲ್ಲಾ ಓದೀನಿ. ಛಲೋ ಬರದೀರಿ. ಆದ್ರ ಒಂದು ತಿಳೀಲಿಲ್ಲ ನೋಡ್ರಿ. ಕೊಂದಾಂವ ಮಾತಾಡ್ತಾನ, ಪೊಲೀಸರು ಮಾತಾಡ್ತಾರ, ಬಾಜೂಮನಿಯವ್ರೂ ಮಾತಾಡ್ತಾರ. ಆ ಹೆಣ್ಮಗಳು ಮಾತ್ರ ಒಂದು ಕತ್ಯಾಗೂ ಬಾಯಿ ಬಿಡಂಗಿಲ್ಲ. ಯಾಕ್ರಿ?"

ಎಲ್ಲ ಕತೆಗಳಲ್ಲೂ ಆಕೆ ಮೊದಲ ಪ್ಯಾರಾದಲ್ಲೇ ಸತ್ತಿರುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಶಾರದಾ ಮೆಲ್ಲಗೆ ಹೇಳಿದಳು: "ಕತ್ಯಾಗ ಸತ್ರ ನಂಗೇನೂ ಬ್ಯಾಸರಿಲ್ರಿ. ಎಡಗಿವಿ ಕೇಳಸವಲ್ದು ಅಂತ ಮೂರು ತಿಂಗಳಿಂದ ಹೇಳಾಕತ್ತೀನಿ. ನೀವು ಹೂಂ ಅಂದು ಬರಕೋತ ಕೂತೀರಿ. ದವಾಖಾನಿಗೆ ಒಬ್ಬಾಕೀನ ಹೋಗಿಬಂದೆ."

ಕಿವಿ ನೆಟ್ಟಗಿದ್ದೂ ಕೇಳದವನು ನಾನು. ಅತ್ತೆ ಮತ್ತೆ ನೇಯತೊಡಗಿದರು.

ಮರುದಿನ ಇಬ್ಬರೂ ದವಾಖಾನೆಗೆ ಹೋದೆವು. ಔಷಧಿಗೆ ವಾಸಿಯಾಗುತ್ತದೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಊರಿಗೆ ಮರಳುವಾಗ ಬಸ್ಸಿನಲ್ಲಿ ಆಕೆಯ ಬಲಕ್ಕೆ ಕೂತು, "ಆ ಕತ್ಯಾಗಿನ ಹೆಣ್ಮಗಳು ಮಾತಾಡಿದ್ರ ಏನಂತಿದ್ಲು?" ಎಂದು ಕೇಳಿದೆ. ಶಾರದಾ ನನ್ನನ್ನು ಒಮ್ಮೆ ನೋಡಿ ಶುರುಮಾಡಿದವಳು, ಬಾಗಲಕೋಟೆ ಬಂದರೂ ನಿಲ್ಲಿಸಲಿಲ್ಲ.

ಆಕೆ ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಹಿಂದಿರುಗಿಸಿದರು: "ಬರವಣಿಗೆ ಜೀವಂತವಾಗಿದೆ. ಆದರೆ ರಹಸ್ಯವೇ ಇಲ್ಲ. ತಪ್ಪಿತಸ್ಥ ಗಂಡನೇ ಎಂದು ಎರಡನೇ ಸಾಲಿಗೇ ತಿಳಿಯುತ್ತದೆ."

ಶಾರದಾ ಆ ಪತ್ರವನ್ನು ಎರಡು ಸಲ ಓದಿದಳು.

"ಎರಡನೇ ಸಾಲಿನತನಕ ಯಾಕ ಬೇಕಾತಂತ್ರಿ ಅವರಿಗೆ?"