ಸಮಾನತೆಯ ಹಾದಿಯಲ್ಲಿ ಒಂದು ಹಿತ್ತಾಳೆ ಫಿಲ್ಟರು

ಜಾತಿಭೇದ, ವರದಕ್ಷಿಣೆ, ಬಾಲ್ಯವಿವಾಹ, ಕಲಬೆರಕೆ, ಲಂಚ ಮತ್ತು ಓಡುವ ಬಸ್ಸಿನಲ್ಲಿ ಬೀಡಿ ಸೇದುವುದು, ಇವಿಷ್ಟನ್ನೂ ನಾನು ವಿರೋಧಿಸುತ್ತೇನೆ. ಪಟ್ಟಿ ಇನ್ನೂ ಉದ್ದವಿದೆ. ಸ್ಥಳಾಭಾವದಿಂದ ಕೆಲವನ್ನು ಮಾತ್ರ ಹೆಸರಿಸಿದ್ದೇನೆ. ಆದರೆ ಒಂದು ವಿಷಯವನ್ನು ಓದುಗರ ಮುಂದೆ ಒಪ್ಪಿಕೊಳ್ಳಲೇಬೇಕು. ಮುಂಜಾನೆ ಒಂದು ಲೋಟ ಒಳ್ಳೆಯ ಕಾಫಿ ಹೊಟ್ಟೆಗಿಳಿಯುವವರೆಗೆ ಇವುಗಳಲ್ಲಿ ಒಂದನ್ನಾದರೂ ವಿರೋಧಿಸುವ ತ್ರಾಣ ನನಗಿರುವುದಿಲ್ಲ. ಕಾಫಿ ಸಿಗದ ದಿನ ಯಾರಾದರೂ ಕಣ್ಣೆದುರಿಗೇ ಲಂಚ ತೆಗೆದುಕೊಂಡರೂ, ಪಾಪ, ತೆಗೆದುಕೊಳ್ಳಲಿ ಬಿಡು ಎನ್ನಿಸಿಬಿಡುತ್ತದೆ.

ಈ ದೌರ್ಬಲ್ಯ ನನ್ನ ಹುಟ್ಟಿನೊಂದಿಗೆ ಬಂದದ್ದಲ್ಲ. ನಮ್ಮ ಜಹೀರಾಬಾದಿನ ಕಡೆ ಕಾಫಿ ಕುಡಿಯುವವರನ್ನು ಹುಡುಕಲು ದೀಪ ಹಿಡಿಯಬೇಕು. ರಾಜ್ಯಗಳ ಮರುವಿಂಗಡಣೆಯಾದ ಮೇಲೆ ನಮ್ಮಲ್ಲಿ ಸರ್ಕಾರದ ಆಜ್ಞೆ ತೆಲುಗಿನಲ್ಲಿ ಬರತೊಡಗಿತು, ವ್ಯಾಪಾರ ಉರ್ದುವಿನಲ್ಲಿ ಮುಂದುವರಿಯಿತು, ಜಗಳ ಕನ್ನಡದಲ್ಲಿಯೇ ಉಳಿಯಿತು; ಆದರೆ ಮೂರು ಭಾಷೆಯವರೂ ಕೇಳುತ್ತಿದ್ದುದು ಚಹಾವನ್ನೇ. ಎರಡು ವರ್ಷ ಶಿಕ್ಷಕರ ತರಬೇತಿಗೆಂದು ಬೆಂಗಳೂರಿಗೆ ಹೋದ ನಾನು ಅಲ್ಲಿಂದ ಎರಡು ವಸ್ತುಗಳನ್ನು ಹೊತ್ತು ತಂದೆ: ಪ್ರಗತಿಪರ ವಿಚಾರಗಳು ಮತ್ತು ಕಾಫಿಯ ಚಟ. ಮೊದಲನೆಯದಕ್ಕೆ ಖರ್ಚಿಲ್ಲ, ಬಾಯಿಯೊಂದಿದ್ದರೆ ಸಾಕು. ಎರಡನೆಯದಕ್ಕೆ ಪುಡಿ ಬೇಕು. ತಾಂಡೂರಿನ ರೈಲು ನಿಲ್ದಾಣದಲ್ಲಿ ಗುಮಾಸ್ತನಾಗಿದ್ದ ಗೆಳೆಯನೊಬ್ಬ ಬೆಂಗಳೂರಿನಿಂದ ತರಿಸಿ, ಬಸ್ಸಿನ ಕಂಡಕ್ಟರರ ಕೈಯಲ್ಲಿ ನನಗೆ ಕಳುಹಿಸುತ್ತಿದ್ದ. ಬಸ್ಸು ಬರುವ ಮೊದಲೇ ಅದರ ಪರಿಮಳ ಬರುತ್ತಿತ್ತೆಂದು ನಾನು ಹೇಳಿದರೆ ನನ್ನ ಹೆಂಡತಿ ನೀಲಮ್ಮ ಒಪ್ಪುತ್ತಿರಲಿಲ್ಲ. ಆಕೆಯ ಪ್ರಕಾರ ಅದು ಬಸ್ಸಿನ ಬ್ರೇಕು ಸುಟ್ಟ ವಾಸನೆ.

ಬೇಸಿಗೆ ರಜೆಯಲ್ಲಿ ನಾನೂ ಮನೂರಿನ ರೈತ ಬಸಣ್ಣನೂ ಬೆನ್ನಿಗೆ ಚೀಲ ಕಟ್ಟಿಕೊಂಡು ನಾರಾಯಣಖೇಡದ ಸುತ್ತಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ತಿರುಗುವ ವಾಡಿಕೆಯಿತ್ತು. ಉದ್ದೇಶ ಒಂದೇ. ಆಗ ಹಳ್ಳಿಯ ಚಹಾದ ಹೋಟೆಲುಗಳಲ್ಲಿ ಊರವರಿಗೆ ಪಿಂಗಾಣಿಯ ಕಪ್ಪು-ಬಸಿ. ಕೇರಿಯ ದಲಿತರಿಗೆ ಹೊರಗೆ, ಮರಕ್ಕೋ ಗೋಡೆಗೋ ಹೊಡೆದ ಮೊಳೆಗೆ ತೂಗುಹಾಕಿದ ನಗ್ಗಿದ ಅಲ್ಯುಮಿನಿಯಂ ಲೋಟ. ಕುಡಿದವರೇ ಅದನ್ನು ತೊಳೆದು ಮತ್ತೆ ಮೊಳೆಗೆ ಹಾಕಬೇಕು. ಹೋಟೆಲಿನವನು ಮೇಲಿನಿಂದ ಸುರಿಯುತ್ತಾನೆ. ಸಂವಿಧಾನ ಜಾರಿಗೆ ಬಂದು ಇಷ್ಟು ವರ್ಷಗಳಾದರೂ ಒಂದು ಲೋಟ ಮರದಿಂದ ಕೆಳಗಿಳಿಯಲಾರದೆ ಕುಳಿತಿರುವುದು ನಾಚಿಕೆಗೇಡೆಂದು ನಾನು ಹೋದಲ್ಲೆಲ್ಲ ಭಾಷಣ ಮಾಡುತ್ತಿದ್ದೆ. ಈ ಮಾತನ್ನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಬಸಣ್ಣನ ಚೀಲದಲ್ಲಿ ಒಂದು ಧೋತರ, ಒಂದು ಕಂಬಳಿ, ಒಂದಿಷ್ಟು ಜೋಳದ ರೊಟ್ಟಿ. ನನ್ನ ಚೀಲದಲ್ಲಿ ಕರಪತ್ರಗಳು, ಹಿತ್ತಾಳೆಯ ಫಿಲ್ಟರು, ಮುಚ್ಚಳ ಬಿಗಿಯಾದ ಗಾಜಿನ ಸೀಸೆಯಲ್ಲಿ ಪುಡಿ, ಸೀಸೆ ಒಡೆಯದಂತೆ ಸುತ್ತಿದ ಎರಡು ಬನಿಯನ್ನು, ಹಾಲಿನ ತಂಬಿಗೆ, ಸಕ್ಕರೆ ಡಬ್ಬಿ, ಸೋಸಲು ಬಟ್ಟೆ. ಹೊರಡುವ ದಿನ ನೀಲಮ್ಮ ಬಾಗಿಲಲ್ಲಿ ನಿಂತು, "ನೀವ್ ಸಮಾಜ ಸುಧಾರಣಿ ಮಾಡಾಕ ಹೊಂಟೀರೋ, ಹೋಟೆಲ್ ಇಡಾಕ ಹೊಂಟೀರೋ?" ಎಂದಳು. ಪ್ರಗತಿಪರನಾದ ನಾನು ಹೆಂಗಸರ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಗೌರವಿಸುವವನಾದ್ದರಿಂದ ಉತ್ತರ ಕೊಡದೆ ನಡೆದೆ.

ಕಾಲ್ನಡಿಗೆಯಲ್ಲಿ ಒಳ್ಳೆಯ ಕಾಫಿ ಮಾಡುವುದು ಒಂದು ಶಾಸ್ತ್ರ. ಅದನ್ನು ಸಂಗ್ರಹವಾಗಿ ಹೇಳುತ್ತೇನೆ. ಮೂರು ಕಲ್ಲು ಹೂಡಿ ಒಣಗಿದ ತೊಗರಿ ಕಟ್ಟಿಗೆ ಉರಿಸಬೇಕು. ಅದು ಥಟ್ಟನೆ ಹತ್ತಿ ಹೊಗೆ ಕಡಿಮೆ ಮಾಡುತ್ತದೆ. ನೀರು ಕುದಿದೊಡನೆ ಸುರಿಯಬಾರದು, ಒಂದು ಗಳಿಗೆ ಇಳಿಸಿಡಬೇಕು. ಪುಡಿಯನ್ನು ಒತ್ತಬೇಕು, ಆದರೆ ದ್ವೇಷದಿಂದ ಒತ್ತಬಾರದು. ಆಮೇಲೆ ಮುಚ್ಚಳ ಹಾಕಿ, ಡಿಕಾಕ್ಷನ್ನು ಹನಿಹನಿಯಾಗಿ ಇಳಿಯುವವರೆಗೆ ಯಾರೊಂದಿಗೂ ವಾದಕ್ಕಿಳಿಯದೆ ಕುಳಿತಿರಬೇಕು. ನನ್ನ ಮಟ್ಟಿಗೆ ಇದೇ ಅತ್ಯಂತ ಕಠಿಣವಾದ ಹಂತ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಸವುಳು ನೀರಿನಲ್ಲಿ ಎಂಥ ಪುಡಿಯೂ ಸತ್ತುಹೋಗುತ್ತದೆ. ಆದುದರಿಂದ ಯಾವ ಊರಿಗೆ ಹೋದರೂ ನಾನು ಮೊದಲು ವಿಚಾರಿಸುತ್ತಿದ್ದುದು ಸಿಹಿನೀರಿನ ಬಾವಿ ಎಲ್ಲಿದೆಯೆಂದು. ಒಮ್ಮೆ ಪುಡಿ ಮುಗಿದು, ನಾರಾಯಣಖೇಡದ ಅಂಗಡಿಯೊಂದರಲ್ಲಿ ಕಾಫಿಪುಡಿ ಎಂದು ಕೇಳಿದ್ದಕ್ಕೆ ಅಂಗಡಿಯವನು ಹುರಿದ ಹುಣಸೆ ಬೀಜದ ಪುಡಿ ಕಟ್ಟಿಕೊಟ್ಟಿದ್ದ. ಮರುದಿನ ಹೋಗಿ ಕಲಬೆರಕೆಯೆಂಬ ಸಾಮಾಜಿಕ ಪಿಡುಗಿನ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಆತ ಶಾಂತವಾಗಿ ಕೇಳಿ, "ಕಾಫಿ ನಾವ್ ಯಾವಾಗ ನೋಡೀವ್ರಿ ಮಾಸ್ತರ್? ಕರ್ರಗ ಇರ್ತದ ಅಂದ್ರು, ಕರ್ರಗಿಂದು ಕೊಟ್ಟೆ" ಎಂದ.

ಇನ್ನು ಹಳ್ಳಿಗಳಲ್ಲಿ ನಡೆಯುತ್ತಿದ್ದುದು ಇಷ್ಟು. ಕೇರಿಯಲ್ಲಿ ಕುಳಿತು ಮಾತನಾಡುವಾಗ ಯಾರಾದರೂ ಚಹಾ ತಂದುಕೊಡುವರು. ಬಸಣ್ಣ ಗಟಗಟನೆ ಕುಡಿದು ಬಸಿಯನ್ನೂ ನೆಕ್ಕಿದಂತೆ ಮಾಡಿ ಕೆಳಗಿಡುವನು. ನಾನು ಎರಡೂ ಕೈ ಜೋಡಿಸಿ, ಅತ್ಯಂತ ವಿನಯದಿಂದ, "ದಯವಿಟ್ಟು ಕ್ಷಮಿಸಬೇಕು, ನಾನು ಚಹಾ ಕುಡಿಯುವುದಿಲ್ಲ" ಎನ್ನುತ್ತಿದ್ದೆ. ನಂತರ ಶಾಲೆಯ ಜಗಲಿಗೆ ಬಂದು ನನ್ನ ಕಾಫಿ ನಾನು ಮಾಡಿಕೊಳ್ಳುತ್ತಿದ್ದೆ. ಬಡವರ ಮನೆಯ ಹಾಲು ಸಕ್ಕರೆಗಳನ್ನು ಉಳಿಸಿದೆನೆಂಬ ಸಮಾಧಾನವೂ ನನಗಿತ್ತು. ಇದರಲ್ಲಿ ಏನಾದರೂ ತಪ್ಪಿರಬಹುದೆಂದು, ತಪ್ಪುಗಳನ್ನು ಹುಡುಕುವುದನ್ನೇ ಕಸುಬಾಗಿ ಮಾಡಿಕೊಂಡ ನನಗೆ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದ್ದು ಮನೂರಿನಾಚೆಯ ಒಂದು ಹಳ್ಳಿ. ಅಲ್ಲಿ ರೇವಣಪ್ಪನೆಂಬಾತನ ಹೋಟೆಲು, ಮುಂದೆ ಬೇವಿನ ಮರ, ಮರದ ಮೊಳೆಗಳಲ್ಲಿ ನಾಲ್ಕು ನಗ್ಗಿದ ಲೋಟಗಳು. ಹಿಂದಿನ ಸಂಜೆ ನಾನು ಮಾಡಿದ ಭಾಷಣದಿಂದ ಊರ ಪಾಟೀಲರು ಸ್ವಲ್ಪ ಕರಗಿದ್ದರು; ಮುಂಜಾನೆ ಎಲ್ಲರೂ ಹೋಟೆಲಿನ ಮುಂದೆ ಕೂಡಿ ಇತ್ಯರ್ಥ ಮಾಡೋಣವೆಂದು ಮಾತಾಗಿತ್ತು. ಲೋಟಗಳು ಅಂದು ಇಳಿದರೆ ಇಳಿದವು. ನಾನು ಬೇಗನೆದ್ದು ಪಾಟೀಲರ ಹೊಲದ ಬಾವಿಯಿಂದ ನೀರು ತಂದು, ಸ್ನಾನ ಮುಗಿಸಿ, ಶಾಲೆಯ ಜಗಲಿಯ ಮೇಲೆ ಫಿಲ್ಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಹೆಂಗಸರು ಕೊಡ ಹೊತ್ತು ಹೋಗುವಾಗ ದನಿ ತಗ್ಗಿಸಿಕೊಂಡು ಹೋಗುತ್ತಿದ್ದರು. ಒಬ್ಬಾಕೆಯಂತೂ ದೂರದಿಂದಲೇ ಕೈಮುಗಿದಳು. ಶಿಕ್ಷಕನಿಗೆ ಇಷ್ಟು ಗೌರವವೆ ಎಂದು ಸಂತೋಷಪಟ್ಟೆ.

ಹೋಟೆಲಿನ ಮುಂದೆ ಊರವರು ಬೆಂಚುಗಳ ಮೇಲೆ, ಕೇರಿಯವರು ಬೇವಿನ ನೆರಳಲ್ಲಿ ಸೇರಿದರು. ನಾನು ಗಂಟಲು ಸರಿಮಾಡಿಕೊಳ್ಳುವ ಮೊದಲೇ ರೇವಣಪ್ಪ ಕೈಯೆತ್ತಿದ.

"ಪಾಟೀಲ್ರೆ, ಮೊದಲ್ ನಂದೊಂದ್ ಮಾತ್ ಕೇಳ್ರಿ. ಈ ಮಾಸ್ತರ್ ನಿನ್ನಿ ಕೇರ್ಯಾಗ ಮೂರ್ ಮನಿ ಚಾ ಒಲ್ಲೆ ಅಂದಾರ. ಇವರಿಗಿ ಬ್ಯಾರೆ ತಂಬಿಗಿ, ಬ್ಯಾರೆ ಗಿಲಾಸ, ಮ್ಯಾಲ ಆ ಹಿತ್ತಾಳಿ ಕೊಳವಿ. ಮುಂಜಾನಿ ಜಳಕ ಮಾಡಿ ಅದರ ಮುಂದ ಕುಂತು ಹನಿ ಹನಿ ಅಭಿಷೇಕ ಮಾಡ್ತಾರ. ಇಷ್ಟ್ ಮಡಿ ನಮ್ಮ ಮನ್ಯಾಗೂ ಇಲ್ರಿ. ನಂಗ್ಯಾಕ ಹೇಳ್ತಾರ?"

ದುರ್ದೈವಕ್ಕೆ ನನ್ನ ಅಜ್ಜನನ್ನು ಬಲ್ಲವರೊಬ್ಬರು ಬೆಂಚಿನ ಮೇಲಿದ್ದರು. "ಅವರಜ್ಜ ಸೈತ ಹಂಗಽ ಇದ್ರಿ. ರಾಯಿಕೋಡಿಗಿ ಹೋದ್ರ ಮನಿಯಿಂದ ನೀರ್ ಹೊತ್ಕೊಂಡ್ ಹೋಗ್ತಿದ್ರು. ಪರಊರಾಗ ಹನಿ ನೀರ್ ಮುಟ್ತಿರ್ಲಿಲ್ಲ. ಭಾಳ ದೊಡ್ಡ ಮನ್ಶಾ" ಎಂದು ಅವರು ಭಕ್ತಿಯಿಂದ ಸಾಕ್ಷಿ ಹೇಳಿದರು. ಜೀವನದಲ್ಲಿ ನನಗೆ ಸಂದ ಅತ್ಯಂತ ಅಪಾಯಕಾರಿ ಪ್ರಶಂಸೆ ಅದು.

ಬೇವಿನ ಕೆಳಗಿನಿಂದ ತುಕ್ಕಮ್ಮ ಎದ್ದು ನಿಂತಳು. ಕೇರಿಯ ಹಿರಿಯಳು, ಯಾರಿಗೂ ಅಂಜುವವಳಲ್ಲ. "ಖರೇನ ಅದ. ನಿನ್ನಿ ನಮ್ಮನ್ಯಾಗ ಆಡಿನ ಹಾಲ್ ಹಾಕಿ ಚಾ ಮಾಡಿದ್ದೆ. ಕೈ ಮುಗದು ಒಲ್ಲೆ ಅಂದ್ರು. ಕೈ ಮುಗದು ಒಲ್ಲೆ ಅನ್ನಾವ್ರನ್ನ ನಾವ್ ಭಾಳ ಮಂದಿ ನೋಡೀವಿ ಬಿಡ್ರಿ. ಬೈದು ಒಲ್ಲೆ ಅನ್ನಾವ್ರೂ ಒಲ್ಲೆ ಅಂತಾರ, ಕೈ ಮುಗಿಯಾವ್ರೂ ಒಲ್ಲೆ ಅಂತಾರ. ಮುಂಜಾನಿ ನಾವ್ ಮುಟ್ಟಬಾರದ ಬಾವಿ ನೀರ್ ತಂದು ತಮ್ಮದು ತಾವ್ ಕಾಸ್ಕೊಂಡ್ರು."

ಬಾವಿಯ ವಿಷಯ ನನ್ನ ತಲೆಗೆ ಹೊಳೆದದ್ದು ಆಗಲೇ. ಸಿಹಿನೀರಿನ ಬಾವಿ ಯಾವುದೆಂದು ಕೇಳಿದ್ದೆ; ಅದರಲ್ಲಿ ಯಾರು ಸೇದಬಹುದೆಂದು ಕೇಳಿರಲಿಲ್ಲ. ನನ್ನ ಕರಪತ್ರದಲ್ಲಿ ಅನ್ಯಾಯಗಳು ಒಂದರಿಂದ ಹದಿನಾಲ್ಕರವರೆಗೆ ಅಚ್ಚಾಗಿದ್ದವು. ಅವುಗಳಲ್ಲಿ ಎರಡನ್ನು ನಾನು ಆ ಬೆಳಿಗ್ಗೆಯೇ ಸಕ್ಕರೆ ಹಾಕಿ ಕುಡಿದಿದ್ದೆ.

ಆದರೂ ಸೋಲೊಪ್ಪುವುದು ನಮ್ಮಂಥವರ ಜಾಯಮಾನವಲ್ಲ. ಇದು ಮಡಿಯಲ್ಲ, ಕೇವಲ ರುಚಿಯ ಪ್ರಶ್ನೆ ಎಂದು ವಾದಿಸಿದೆ. ಸಾಬೀತುಪಡಿಸಲು ಫಿಲ್ಟರನ್ನೇ ತಂದು, ಉಳಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಒಂದೇ ಲೋಟವನ್ನು ಎಲ್ಲರ ಮುಂದೆ ಹಿಡಿದೆ. "ಕುಡಿದು ನೋಡಿ. ಇದರ ರುಚಿಗಾಗಿ ಮಾತ್ರ ನಾನು ಇಷ್ಟೆಲ್ಲ ಹೊತ್ತು ತಿರುಗುತ್ತೇನೆ." ಪಾಟೀಲರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, ಉಗುಳಲು ಜಾಗ ಹುಡುಕಿ, ಮರ್ಯಾದೆಗಾಗಿ ನುಂಗಿದರು. ಕೇರಿಯ ಕಡೆಯಿಂದ ತುಕ್ಕಮ್ಮ ಅದೇ ಲೋಟವನ್ನು ಎತ್ತಿ ಸುರಿದುಕೊಂಡು ಕುಡಿದು, ಸೆರಗಿನಿಂದ ನಾಲಿಗೆ ಒರೆಸಿಕೊಂಡಳು.

"ಯವ್ವಾ! ಬೇವಿನ ಕಷಾಯ ಅದ."

ರೇವಣಪ್ಪ ವಿಜಯೋತ್ಸಾಹದಿಂದ ಬೆಂಚು ಗುದ್ದಿದ. "ನೋಡ್ರಿ ಮತ್ತ! ರುಚಿಗಿ ಇದನ್ನ ಯಾವನರೆ ಕುಡೀತಾನೇನ್ರಿ? ಇದು ವ್ರತಾನೇ ಅದ."

ತರ್ಕದಲ್ಲಿ ಲೋಪವಿರಲಿಲ್ಲ. ಬಸಣ್ಣ ನನ್ನ ಕಿವಿಯ ಬಳಿ ಬಾಗಿ, "ಮಾಸ್ತರ್, ಭಾಷಣ ಸಾಕು. ಹೋಗಿ ಚಾ ಕುಡೀರಿ" ಎಂದ. ಇಡೀ ಪ್ರವಾಸದಲ್ಲಿ ಆತ ಆಡಿದ ಅತ್ಯಂತ ಉದ್ದವಾದ ಮಾತದು. ರೇವಣಪ್ಪನ ಕಿವಿಗೂ ಅದು ಬಿತ್ತು. "ಪಾಟೀಲರ ಮುಂದ ಹೇಳ್ತೀನಿ ಕೇಳ್ರಿ. ಇವ್ರು ಕೇರ್ಯಾಗ ಚಾ ಕುಡದು ಬಂದ್ರ, ಇವತ್ತೇ ಗಿಲಾಸ ಇಳಸ್ತೀನಿ. ಎಲ್ಲಾರಿಗೂ ಒಂದೇ ಕಪ್-ಬಸಿ!" ನಾನು ಕುಡಿಯುವುದಿಲ್ಲವೆಂಬ ಭರವಸೆ ಅವನ ಮುಖದ ಮೇಲಿತ್ತು.

ನಾನು ತುಕ್ಕಮ್ಮನ ಮುಂದೆ ಹೋಗಿ, "ಆಯಿ, ತಪ್ಪಾಯ್ತು. ನಿನ್ನೆಯ ಚಹಾ ಇವತ್ತು ಕೊಡ್ತೀರಾ?" ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿನ್ನಿಂದು ಆಡಿನ ಮರಿ ಕುಡದ್ಹೋತು. ಹೊಸಾದ್ ಮಾಡ್ತೀನಿ, ಬರ್ರಿ" ಎಂದಳು.

ಬೆಲ್ಲ, ಆಡಿನ ಹಾಲು, ಸವುಳು ನೀರು, ಬಹಳ ಹೊತ್ತು ಕುದಿದ ಚಹಾಸೊಪ್ಪು. ಕುಡಿದೆ. ಊರಿನ ಅರ್ಧ ಜನ ಕೇರಿಯ ಬಾಯಲ್ಲಿ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದರು. ಕಪ್ಪು ಕೆಳಗಿಟ್ಟು ಏಳಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಬಾಗಿಲಲ್ಲಿ ನಿಂತಿದ್ದ. "ತುಕ್ಕಮ್ಮನ ಮನ್ಯಾಗ ನಡೀತದ, ನಮ್ಮನ್ಯಾಗ ಯಾಕ ನಡ್ಯಾಲ್ರಿ?" ಅಲ್ಲಿಯೂ ಕುಡಿದೆ. ಸಮಾನತೆಯ ತತ್ತ್ವವನ್ನು ನಾನೇ ಅಷ್ಟು ವಿಶದವಾಗಿ ಬೋಧಿಸಿದ್ದರಿಂದ ಯಾವ ಮನೆಯನ್ನೂ ಬಿಡುವಂತಿರಲಿಲ್ಲ. ಕೇರಿಯಲ್ಲಿ ಹನ್ನೊಂದು ಮನೆಗಳಿದ್ದವು. ಹಾಲಿಲ್ಲದ ಮನೆಯವರು ಪಕ್ಕದ ಮನೆಯಿಂದ ತಂದು ಮಾಡಿದರು. ಏಳನೆಯ ಮನೆಯ ಹೊತ್ತಿಗೆ ನನಗೆ ಅನ್ನಿಸಿತು, ಜನಸಂಖ್ಯೆಯ ಸಮಸ್ಯೆಯ ಬಗ್ಗೆಯೂ ಕರಪತ್ರದಲ್ಲಿ ಒಂದು ಕಲಮು ಸೇರಿಸಬೇಕೆಂದು.

ನಡೆದರೆ ಒಳಗೆ ಅಲೆಯ ಸದ್ದು ಕೇಳಿಸುವ ಸ್ಥಿತಿಯಲ್ಲಿ ಹೋಟೆಲಿಗೆ ಮರಳಿದೆ. ಮಾತು ಮಾತೇ ಎಂದು ಪಾಟೀಲರು ಹೇಳಿದರು. ರೇವಣಪ್ಪ ಗೊಣಗುತ್ತ ಬೇವಿನ ಮರದಿಂದ ನಾಲ್ಕೂ ಲೋಟಗಳನ್ನು ಕಿತ್ತು ಮೂಲೆಗೆಸೆದ. ಪಿಂಗಾಣಿಯ ಕಪ್ಪು-ಬಸಿಗಳನ್ನೆಲ್ಲ ತೊಳೆದು ಒಂದೇ ಸಾಲಿನಲ್ಲಿ ಇಟ್ಟ. ಕೆಟಲಿ ಬಾಗಿಸಿ ಮೊದಲನೆಯದನ್ನು ನನಗೆ ಚಾಚಿದ. ನಾನು ಅರಿವಿಲ್ಲದೆ ಎರಡೂ ಕೈ ಜೋಡಿಸಿಬಿಟ್ಟೆ. "ಕ್ಷಮಿಸಬೇಕು ರೇವಣಪ್ಪನವರೇ, ನನ್ನಿಂದ ಆಗುವುದಿಲ್ಲ."

ಅವನ ಮುಖ ಕಪ್ಪಿಟ್ಟಿತು. "ಹನ್ನೊಂದ್ ಮನ್ಯಾಗ ಕುಡದ್ರಿ. ನನ್ನ ಕೈಯಾಗಿಂದು ಆಗಾಲ್ಲೇನ್ರಿ? ನಂದೇನ್ ಜಾತಿ ಕಡಿಮಿ ಅದೇನ್ರಿ?"

ಇಡೀ ಊರು ನನ್ನನ್ನು ನೋಡಿತು. ಕುಡಿದೆ, ಅದೂ ಒಂದೇ ಉಸಿರಿಗೆ.

ಆಮೇಲೆ ಕಪ್ಪುಗಳು ಬೆಂಚಿಗೂ ಬೇವಿನ ನೆರಳಿಗೂ ಭೇದವಿಲ್ಲದೆ ಹೋದವು. ತುಕ್ಕಮ್ಮ ತನ್ನ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, ಬಸಿಗೆ ಸುರಿದು, ಸೊರ್ರೆಂದು ಎಳೆದುಕೊಂಡಳು. ಅಂಥ ಚಾರಿತ್ರಿಕ ಗಳಿಗೆಯಲ್ಲಿ ಆಕೆ ಏನಾದರೂ ಚಾರಿತ್ರಿಕವಾದದ್ದನ್ನು ಹೇಳಬಹುದೆಂದು ನಾನು ಕರಪತ್ರದ ಹಿಂಬದಿಯಲ್ಲಿ ಬರೆದುಕೊಳ್ಳಲು ಸೀಸದಕಡ್ಡಿ ತೆಗೆದೆ.

"ಏ ರೇವಣಪ್ಪಾ, ಇಷ್ಟ್ ವರ್ಷ ಈ ಬಿಸಿನೀರ್ ಕೊಡಾಕ ನಮಗ ಬ್ಯಾರೆ ಗಿಲಾಸ ಇಟ್ಟಿದ್ದೇನೋ?"

ಬೇವಿನ ನೆರಳು ನಕ್ಕಿತು, ಬೆಂಚೂ ನಕ್ಕಿತು. ಪಾಟೀಲರು ಮೀಸೆಯಡಿಯಲ್ಲಿ, "ಖರೇ ಹೇಳ್ಯಾಳ ನೋಡ್ರಿ" ಎಂದುಬಿಟ್ಟರು. ರೇವಣಪ್ಪ ಮಾತ್ರ ನಗಲಿಲ್ಲ. ಅವನ ಒಂದು ಕೈ ಕೆಟಲಿಯ ಮೇಲಿತ್ತು, ಕಣ್ಣು ಮೂಲೆಗೆಸೆದ ಲೋಟಗಳ ಕಡೆ ಹೋಯಿತು. ಆಮೇಲೆ ನನ್ನ ಕಡೆ ತಿರುಗಿದ.

"ಮಾಸ್ತರ್, ನೀವ್ ಓದಿದವ್ರು. ಸುಳ್ಳ್ ಹೇಳಾಂಗಿಲ್ಲ. ನೀವರೆ ಹೇಳ್ರಿ, ಚಾ ಹೆಂಗಾಗ್ಯಾದ?"

ನಾನು ಒಂದೇ ಸಾಲಿನಲ್ಲಿ ಹೊಳೆಯುತ್ತಿದ್ದ ಕಪ್ಪುಗಳನ್ನು ನೋಡಿದೆ. ಕಲಬೆರಕೆ, ಮೋಸ, ಗ್ರಾಹಕರ ಶೋಷಣೆ, ಹಾಲಿನ ಹೆಸರಿನಲ್ಲಿ ನೀರು ಮಾರುವ ಪಿಡುಗು, ಎಲ್ಲವೂ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು.

"ಬಹಳ ಚಲೋ ಆಗ್ಯಾದ ರೇವಣಪ್ಪನವರೇ," ಎಂದೆ.

"ಹಂಗಂದ್ರ ಇನ್ನೊಂದ್ ಕಪ್ ತಗೋರಿ," ಎಂದು ಆತ ಅರಳಿದ ಮುಖದಿಂದ ಕೆಟಲಿಯೆತ್ತಿದ. ನಾನು ಕಪ್ಪು ಚಾಚಿದೆ.