ಕಪಾತು ಮಾಡಿದ ಮೋಟಾರ್ ಸೈಕಲ್ಲು

ಕಾಫಿ ಗಿಡದ ವಿಷಯದಲ್ಲಿ ನನ್ನ ಮಾತಿಗೆ ಸುಂಟಿಕೊಪ್ಪದ ಸುತ್ತಮುತ್ತ ಒಂದು ತೂಕವಿತ್ತು. ನಾನು ತೋಟದ ರೈಟರ್. ಆಳುಗಳ ಹಾಜರಿ ಹಾಕುವುದು, ಕೆಲಸ ಹಂಚುವುದು, ಕೆಲಸ ಆಗದಿದ್ದರೆ ಯಾಕೆ ಆಗಲಿಲ್ಲವೆಂದು ಸಾಹುಕಾರರಿಗೆ ವಿವರಿಸುವುದು ನನ್ನ ಉದ್ಯೋಗ. ಅದರಲ್ಲೂ ಕಪಾತಿನ ಕಾಲ ಬಂದರೆ ನನ್ನನ್ನು ಹಿಡಿಯುವವರಿರಲಿಲ್ಲ. ಹಣ್ಣು ಕೊಯ್ದಾದ ಮೇಲೆ ಗಿಡದ ಬೇಡದ ರೆಂಬೆ, ಬೇಡದ ಚಿಗುರನ್ನೆಲ್ಲ ಕತ್ತರಿಸಿ ಹಗುರ ಮಾಡಿದರೆ ಮುಂದಿನ ಫಸಲು ಚೆನ್ನಾಗಿ ಬರುತ್ತದೆ. ಇದನ್ನೇ ನಾನು ಪ್ರತಿವರ್ಷ ಆಳುಗಳ ಮುಂದೆ ಭಾಷಣ ಮಾಡುತ್ತಿದ್ದೆ. ಅವರು ಕತ್ತಿ ಮಸೆಯುತ್ತ ಕೇಳಿಸಿಕೊಳ್ಳುತ್ತಿದ್ದರು. ಈ ಜ್ಞಾನವನ್ನು ನಾನು ಕಾಫಿ ಗಿಡಕ್ಕೆ ಮಾತ್ರ ಬಳಸಿದ್ದರೆ ಇವತ್ತಿಗೂ ಮರ್ಯಾದಸ್ಥನಾಗಿ ಓಡಾಡಿಕೊಂಡಿರುತ್ತಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮೋಟಾರ್ ಸೈಕಲ್ಲು ಬೇಕೆಂದರೆ ಅಂಗಡಿಗೆ ಹೋಗಿ ತರುವಂತಿರಲಿಲ್ಲ. ಹೆಸರು ಬರೆಸಿ, ಊರಿಗೆಲ್ಲ ಹೇಳಿ, ಆಮೇಲೆ ಕಾಯಬೇಕಾಗಿತ್ತು. ಮಧ್ಯದ ಕೆಲಸ ಕಡ್ಡಾಯವಲ್ಲ, ಆದರೆ ನಾನು ಅದನ್ನೇ ಬಹಳ ಶ್ರದ್ಧೆಯಿಂದ ಮಾಡಿದೆ.

ಮೋಟಾರ್ ಸೈಕಲ್ಲು ಬೇಕಾಗಿದ್ದಕ್ಕೆ ಕಾರಣ ನನ್ನ ಹೆಂಡತಿ ದೇವಕಿ. ಕನಿಷ್ಠ ಊರಿಗೆ ನಾನು ಹೇಳಿದ್ದು ಹಾಗೆ. ಅವಳ ತವರು ಸಂಪಾಜೆ. ಮಡಿಕೇರಿ ದಾಟಿ ಬಸ್ಸು ಘಾಟಿ ಇಳಿಯಲು ಶುರು ಮಾಡಿದರೆ ಮೊದಲನೆಯ ತಿರುವಿನಲ್ಲಿ ಅವಳ ಮುಖ ಬಿಳುಚುತ್ತಿತ್ತು, ಎರಡನೆಯದರಲ್ಲಿ ಚೀಲದಿಂದ ನಿಂಬೆಹಣ್ಣು ಹೊರಗೆ ಬರುತ್ತಿತ್ತು, ಮೂರನೆಯದರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ. ಅದಕ್ಕೇ ಅವಳು ತವರಿಗೆ ಹೋಗುವುದನ್ನೇ ಬಿಟ್ಟಿದ್ದಳು. ಈಗ ಅವಳ ತಂಗಿಯ ಮದುವೆ ಮುಂದಿನ ಬೇಸಿಗೆಗೆ ಗೊತ್ತಾಗಿತ್ತು.

"ಗಾಳಿಗೆ ಮುಖ ಕೊಟ್ಟು ಕೂತರೆ ವಾಂತಿಯೇ ಆಗುದಿಲ್ಲವಂತೆ" ಎಂದಳು ದೇವಕಿ. "ಒಂದು ಸಲ ನೆಟ್ಟಗೆ ಕೂತು ಅಮ್ಮನ ಮನೆ ಸೇರಬೇಕು ನಂಗೆ. ಮದುವೆ ಮನೇಲಿ ಹೋದ ಕೂಡ್ಲೇ ಚಾಪೆ ಹಿಡಿಯುದು ಬೇಡ."

ಇಷ್ಟು ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಮದುವೆಗೆ ಅವಳನ್ನು ಮೋಟಾರ್ ಸೈಕಲ್ಲಿನಲ್ಲೇ ಇಳಿಸುತ್ತೇನೆಂದು ಮಾತು ಕೊಟ್ಟೆ.

ಮಾರನೆಯ ವಾರವೇ ಮೈಸೂರಿಗೆ ಹೋದೆ. ಅಂಗಡಿಯವರು ನನಗೆ ಒಂದು ಚಿತ್ರ ತೋರಿಸಿದರು. ಆ ಕಾಲಕ್ಕೆ ಅದಕ್ಕಿಂತ ಜೋರಾಗಿ ಓಡುವ ಗಾಡಿ ಅವರ ಬಳಿ ಇರಲಿಲ್ಲ. ಮುಂದೆ ಗಾಜಿನ ತಡೆ, ಪಕ್ಕದಲ್ಲಿ ಕಬ್ಬಿಣದ ಕಾಪು ಯಾವುದೂ ಇಲ್ಲದೆ, ಎಂಜಿನ್ನೆಲ್ಲ ಬಯಲಿಗೆ ಬಿಟ್ಟುಕೊಂಡು ನಿಂತಿತ್ತು. ಅದನ್ನು ನೋಡಿದ ಮೇಲೆ ದೇವಕಿ, ಸಂಪಾಜೆ, ನಿಂಬೆಹಣ್ಣು ಎಲ್ಲ ಸ್ವಲ್ಪ ಹಿಂದಕ್ಕೆ ಸರಿದವು.

"ಇದರ ಮೇಲೆ ಬೇರೆ ಏನೇನು ಹಾಕಿಸಬೇಕು ಸ್ವಾಮಿ?" ಎಂದು ಅಂಗಡಿಯವರು ಕೇಳಿದರು.

"ಹಾಕಿಸಿದರೆ ಭಾರ ಆಗ್ತದಲ್ಲ?"

"ಸ್ವಲ್ಪ ಆಗುತ್ತೆ."

"ಭಾರ ಆದ್ರೆ ಓಟ ಕಡಿಮೆ ಆಗ್ತದಲ್ಲ?"

"ಸ್ವಲ್ಪ ಆಗುತ್ತೆ."

ನಾನು ಅವರಿಗೆ ಕಪಾತಿನ ತತ್ವವನ್ನು ಸವಿಸ್ತಾರವಾಗಿ ವಿವರಿಸಿದೆ. ಅವರು ಕಾಫಿ ಕುಡಿಯುವವರೇ ಹೊರತು ಬೆಳೆಯುವವರಲ್ಲ. ಆದರೂ ತಾಳ್ಮೆಯಿಂದ ಕೇಳಿದರು. ಕೊನೆಗೆ ನಾನು, "ಅಧಿಕ ಏನೂ ಬೇಡ. ಬೋಳು ಗಾಡಿ ಕಳಿಸಿ" ಎಂದೆ. "ಏನೂ ಬೇಡವೇ?" ಎಂದು ಅವರು ಇನ್ನೊಂದು ಸಲ ಕೇಳಿದರು. "ಒಂದು ಚಿಗುರೂ ಬೇಡ" ಎಂದೆ. ಅಷ್ಟು ಖಚಿತವಾಗಿ ನಾನು ಮದುವೆಯ ದಿನವೂ ಮಾತಾಡಿರಲಿಲ್ಲ.

ಊರಿಗೆ ಬಂದವನೇ ಪೇಟೆಯ ಚಹಾದಂಗಡಿಯ ಮೊಯ್ದು ಕಾಕನಿಗೆ ವಿಷಯ ತಿಳಿಸಿದೆ. ಕಾಕನಿಗೆ ಹೇಳಿದರೆ ಸೋಮವಾರಪೇಟೆಯ ಸಂತೆಯವರೆಗೂ ತಲುಪುತ್ತಿತ್ತು. ಅಲ್ಲಿಂದಾಚೆ ನಾನು ರಸ್ತೆಯಲ್ಲಿ ನಡೆದರೆ ಜನ ದಾರಿ ಬಿಡುತ್ತಿದ್ದರು, ಕಾಲಲ್ಲಿ ನಡೆಯುವವನಿಗೇ.

ತಿಂಗಳುಗಳು ಉರುಳಿದವು. ಮುಂದಿನ ಕಪಾತೂ ಮುಗಿಯಿತು. ಗಾಡಿ ಬರಲಿಲ್ಲ.

"ಎಂತ ರೈಟರೇ, ಬಂತಾ?" ಎಂದು ಕಾಕ ದಿನಾ ಕೇಳುತ್ತಿದ್ದರು.

"ಬರ್ತದೆ ಕಾಕ."

"ಓಡುದು ಜೋರು ಅಂತ ಹೇಳಿದ್ರಿ. ಬರುದು ಮಾತ್ರ ಮೆಲ್ಲ ಅಲ್ಲವಾ?"

ನಾನು ಸುಮ್ಮನೆ ಕಾಯುವ ಜಾತಿಯವನಲ್ಲ. ತೋಟದ ಹಳೆಯ ಮೋಟಾರ್ ಸೈಕಲ್ಲನ್ನು ಒಂದು ಕಾಲದಲ್ಲಿ ನಾನು ಓಡಿಸುತ್ತಿದ್ದೆ. ಆದರೆ ದೇವಕಿಗೆ ಹಿಂದೆ ಕೂತು ಅಭ್ಯಾಸವಿರಲಿಲ್ಲ. ಆದ್ದರಿಂದ ಜಗಲಿಯ ಬೆಂಚಿನ ಮೇಲೆ ತರಬೇತಿ ಆರಂಭಿಸಿದೆ. ನಾನು ಮುಂದೆ ಕಾಲು ಎರಡೂ ಕಡೆ ಹಾಕಿ, ಕೈಯಲ್ಲಿ ಒಂದು ಬಿದಿರಿನ ಗಳು ಹಿಡಿದು ಕೂತೆ. ಅವಳು ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು, ತಲೆಗೆ ವಸ್ತ್ರ ಬಿಗಿದು, ನನ್ನ ಭುಜ ಹಿಡಿದುಕೊಂಡಳು.

"ತಿರುವು ಬಂದಾಗ ನಾನು ಯಾವ ಕಡೆ ವಾಲ್ತೇನೋ ನೀನೂ ಆ ಕಡೆ ವಾಲಬೇಕು. ವಿರುದ್ಧ ವಾಲಿದ್ರೆ ಇಬ್ಬರೂ ಕೆಳಗೆ ಕೊಲ್ಲಿಗೆ" ಎಂದು ಎಚ್ಚರಿಸಿದೆ.

"ನಮ್ಮ ಸಂಸಾರದಲ್ಲಿ ವಿರುದ್ಧ ವಾಲಿದ್ದು ಯಾರು ಅಂತ ಎಲ್ಲರಿಗೂ ಗೊತ್ತುಂಟು" ಎಂದಳು.

ಮಡಿಕೇರಿಯಿಂದ ಸಂಪಾಜೆಯವರೆಗಿನ ಪ್ರತಿಯೊಂದು ತಿರುವನ್ನೂ ನೆನಪಿನಿಂದ ಆ ಬೆಂಚಿನ ಮೇಲೆ ಇಳಿದೆವು. ಎಡಕ್ಕೆ ವಾಲಿದೆವು, ಬಲಕ್ಕೆ ವಾಲಿದೆವು. ಎದುರು ಬಂದ ಲಾರಿಗೆ ದಾರಿ ಬಿಟ್ಟೆವು. ದೇವಕಿ ಚೆನ್ನಾಗಿಯೇ ಕಲಿತಳು. ಘಾಟಿಯ ಅರ್ಧದಲ್ಲಿ ತಲೆ ಸುತ್ತಿ ಕೆಳಗಿಳಿದವನು ನಾನು. ಹಾಜರಿ ಕೇಳಲು ಬಂದ ಮೇಸ್ತ್ರಿ ಇದನ್ನೆಲ್ಲ ಅಂಗಳದಲ್ಲಿ ನಿಂತು ನೋಡಿ, ಏನೂ ಕೇಳದೆ ವಾಪಸು ಹೋದ. ಸಂಜೆಯೊಳಗೆ ಆಳುಗಳ ಲೈನುಮನೆಗಳಲ್ಲಿ ರೈಟರಿಗೆ ಏನೋ ಆಗಿದೆ ಎಂಬ ಸುದ್ದಿ ಹಬ್ಬಿತು.

ಮದುವೆಯ ವಾರದಲ್ಲೇ ಗಾಡಿ ಬಂತು. ಮೈಸೂರಿಗೆ ಕಾಫಿ ಕೊಂಡೊಯ್ದ ತೋಟದ ಲಾರಿ, ವಾಪಸು ಬರುವಾಗ ಅದನ್ನು ಗೋಣಿಯಲ್ಲಿ ಸುತ್ತಿ ಹೊತ್ತುಕೊಂಡು ಬಂದಿತ್ತು. ನೋಡಲು ಅರ್ಧ ಪೇಟೆ ಸೇರಿತ್ತು. ಕಾಕ ಅಂಗಡಿಯ ಬಾಗಿಲು ಹಾಕಿ ಬಂದಿದ್ದರು. ದೇವಕಿ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ನಾನು ಒಂದೊಂದೇ ಗೋಣಿ ಬಿಚ್ಚಿದೆ. ದೀಪ ಹೊಳೆಯಿತು, ಟ್ಯಾಂಕು ಹೊಳೆಯಿತು, ಎಂಜಿನ್ನು ಹೊಳೆಯಿತು. ಅದರ ಹಿಂದೆ ಒಬ್ಬನೇ ಕೂರುವ ಒಂದು ಪುಟ್ಟ ಸೀಟು. ಅದರ ಹಿಂದೆ ಚಕ್ರ.

ಜನ ಮೆಚ್ಚಿ ತಲೆದೂಗಿದರು. ದೇವಕಿ ಗಾಡಿಯ ಸುತ್ತ ಒಂದು ಸಲ ಬಂದಳು. ಇನ್ನೊಂದು ಸಲ ಬಂದಳು. ನಾನು ಅದನ್ನು ಪ್ರದಕ್ಷಿಣೆ ಎಂದುಕೊಂಡೆ.

"ನಾನು ಎಲ್ಲಿ ಕೂರುದು?" ಎಂದು ಕೇಳಿದಳು.

ಆಗ ನನಗೆ ಹೊಳೆಯಿತು. ಹಿಂದಿನ ಸೀಟು ಗಾಡಿಯ ಜೊತೆಗೇ ಹುಟ್ಟುತ್ತದೆಂದು ನಾನು ತಿಳಿದಿದ್ದೆ. ಅದೂ, ಕಾಲಿಡುವ ಮೆಟ್ಟೂ ಬೇರೆಯಾಗಿ ಹೇಳಿ ಹಾಕಿಸಬೇಕಾದ ಅಧಿಕಗಳಂತೆ. ಒಂದು ಚಿಗುರೂ ಬೇಡವೆಂದು ಹೇಳಿ ನಾನು ಹೆಂಡತಿಯನ್ನೇ ಕಪಾತು ಮಾಡಿ ಬಂದಿದ್ದೆ.

"ರೈಟರ ಕಪಾತು ಸ್ವಲ್ಪ ಜಾಸ್ತಿ ಆಳಕ್ಕೆ ಹೋಯಿತು" ಎಂದರು ಕಾಕ, ಮೆಲ್ಲಗೆ. ಅಂಗಳದಲ್ಲಿದ್ದ ಯಾರಿಗೂ ಕೇಳಿಸದಿರಲಿಲ್ಲ.

ದೇವಕಿ ಬೈಯಲಿಲ್ಲ. ಆರತಿ ಎತ್ತಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಅವಳು ಪೆಟ್ಟಿಗೆಯ ಮೂಲೆಯಲ್ಲಿ ನಿಂಬೆಹಣ್ಣು ಇಡುತ್ತಿದ್ದುದನ್ನು ನೋಡಿ ನನಗೆ ನಿಜಕ್ಕೂ ಅಳು ಬಂತು.

ಆದರೂ ಸೋಲೊಪ್ಪಲಿಲ್ಲ. ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡಿಗೆ ಗೋಣಿ ಮಡಚಿಟ್ಟು, ಅದರ ಮೇಲೆ ತಲೆದಿಂಬು ಹಾಕಿ, ತೆಂಗಿನ ನಾರಿನ ಹಗ್ಗದಿಂದ ಬಿಗಿದೆ. ದೇವಕಿ ಕೂತಳು. ಗೇಟಿನ ತನಕ ಸೊಗಸಾಗಿ ಹೋದೆವು. ಗೇಟು ದಾಟಿದ ಮೇಲೂ ನಾನು ಸೊಗಸಾಗಿಯೇ ಹೋಗುತ್ತಿದ್ದೆ, ತಿರುವಿನಲ್ಲಿ ವಾಲು ಎಂದು ಕೂಗಿ ಹೇಳುತ್ತಲೂ ಇದ್ದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವಳು ಬಹಳ ಹಿಂದೆ, ದಾರಿಯ ಬದಿಯ ತರಗೆಲೆಯ ರಾಶಿಯ ಮೇಲೆ, ದಿಂಬು ತಬ್ಬಿಕೊಂಡು ಕೂತಿದ್ದಳು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

"ನಾನು ಬಸ್ಸಲ್ಲೇ ಹೋಗ್ತೇನೆ" ಎಂದಳು. "ನೀವು ನಿಮ್ಮ ಗಾಡಿಯಲ್ಲಿ ಬನ್ನಿ."

"ಬಸ್ಸಿನ ಹಿಂದೆಯೇ ಇರ್ತೇನೆ. ನಿನಗೆ ಸಂಕಟ ಆದ್ರೆ ಕೈ ತೋರಿಸು, ಬಸ್ಸು ನಿಲ್ಲಿಸ್ತೇನೆ" ಎಂದೆ. ಕೊಟ್ಟ ಮಾತಿನಲ್ಲಿ ಅಷ್ಟಾದರೂ ಉಳಿಯಲಿ ಎಂದು.

ಬಸ್ಸು ಮದುವೆಗಳಿಗೆ ಹೊರಟ ಜನರಿಂದ ತುಂಬಿತ್ತು. ದೇವಕಿಗೆ ಸಿಕ್ಕಿದ್ದು ಕೊನೆಯ ಸಾಲಿನ ಕಿಟಕಿ. ಮಡಿಕೇರಿ ದಾಟಿತು, ಘಾಟಿ ಶುರುವಾಯಿತು. ಆ ವರ್ಷ ರಸ್ತೆಯನ್ನು ಅಲ್ಲಲ್ಲಿ ಅಗೆದು ಹಾಕಿದ್ದರು. ಬಸ್ಸು ಎಬ್ಬಿಸಿದ ಕೆಂಪು ಧೂಳೆಲ್ಲ ನೇರವಾಗಿ ನನಗೆ. ಮುಂದೆ ಗಾಜಿಲ್ಲ, ಅದು ಅಧಿಕ. ಹೊಗೆ ಬಂದರೆ ಹೊಗೆ, ಕಲ್ಲು ಹಾರಿದರೆ ಕಲ್ಲು. ರಾಜ್ಯದಲ್ಲೇ ಜೋರಾಗಿ ಓಡುವ ಗಾಡಿ, ಆನೆಯಂತೆ ತೂಗಾಡುವ ಬಸ್ಸಿನ ಹಿಂದೆ ಬಾಲದಂತೆ ಹೋಗುತ್ತಿತ್ತು. ಅದನ್ನು ದಾಟಿ ಮುಂದೆ ಹೋಗುವುದು ಕಾಲು ನಿಮಿಷದ ಕೆಲಸವೂ ಅಲ್ಲ. ಆದರೆ ಮಾತು ಕೊಟ್ಟಿದ್ದೆನಲ್ಲ.

ಕಿಟಕಿಯಿಂದ ದೇವಕಿ ತಿರುಗಿ ನೋಡುತ್ತಲೇ ಇದ್ದಳು. ಒಂದೊಂದು ತಿರುವಿನಲ್ಲೂ ಅವಳ ಭುಜ ಅಲುಗುತ್ತಿತ್ತು. ಪಾಪ, ಸಂಕಟವಾಗುತ್ತಿದೆ ಎಂದು ನಾನು ಹಾರ್ನ್ ಬಾರಿಸಿದೆ. ಅವಳು ಕೈ ತೋರಿಸಲಿಲ್ಲ.

ಸಂಪಾಜೆಯಲ್ಲಿ ಅವಳು ಬಸ್ಸಿನಿಂದ ನೆಟ್ಟಗೆ ಇಳಿದಳು. ಮುಖ ಬಿಳುಚಿರಲಿಲ್ಲ. ನಿಂಬೆಹಣ್ಣು ಪೆಟ್ಟಿಗೆಯಲ್ಲೇ ಇತ್ತು. ಅವಳ ಭುಜ ಅಲುಗಿದ್ದು ನಗುವಿಗೆ. ನನ್ನನ್ನು ನೋಡುತ್ತ ನಗುತ್ತ ವಾಂತಿ ಮಾಡುವುದನ್ನೇ ಮರೆತಿದ್ದಳು.

ಅತ್ತೆ ಓಡಿಬಂದು ಮಗಳನ್ನು ತಬ್ಬಿಕೊಂಡರು. ಆಮೇಲೆ ತಲೆಯಿಂದ ಕಾಲಿನವರೆಗೆ ಕೆಂಪಗೆ ನಿಂತಿದ್ದ ನನ್ನ ಕಡೆ ನೋಡಿ, "ಇದ್ ಯಾರ್?" ಎಂದು ಅವಳನ್ನು ಕೇಳಿದರು.

ಮಳೆಗಾಲ ಕಳೆದ ಮೇಲೆ ಮೈಸೂರಿನಿಂದ ಹಿಂದಿನ ಸೀಟು ತರಿಸಿ ಹಾಕಿಸಿದೆ. ಗಾಜು, ಕಾಪು, ಮೆಟ್ಟು, ಯಾವ ಅಧಿಕವನ್ನೂ ಬಿಡಲಿಲ್ಲ. ಸೀಟಿನ ಧೂಳು ಒರೆಸಿ ದೇವಕಿಯನ್ನು ಕರೆದೆ. ಅವಳು ಸೀಟನ್ನು ಒತ್ತಿ ನೋಡಿದಳು.

"ಚೆನ್ನಾಗುಂಟು. ಆದ್ರೆ ನಿಮ್ಮ ಹಿಂದೆ ಕೂತ್ರೆ ನಿಮ್ಮ ಮುಖ ಕಾಣುದಿಲ್ಲಲ್ಲ. ನಂಗೆ ಬಸ್ಸೇ ಆಗ್ತದೆ" ಎಂದಳು.

ಹಾಗಾಗಿ ಈಗ ವರ್ಷಕ್ಕೆ ಕೆಲವು ಸಲ ಅವಳು ತವರಿಗೆ ಹೋಗುತ್ತಾಳೆ. ಕೊನೆಯ ಸಾಲಿನ ಕಿಟಕಿ ಅವಳಿಗೇ ಮೀಸಲು. "ರೈಟರೇ, ಅಕ್ಕ ಹತ್ತಿ ಆಯ್ತು, ಸ್ಟಾರ್ಟ್ ಮಾಡಿ" ಎಂದು ಕಂಡಕ್ಟರು ಕೂಗುತ್ತಾನೆ. ನಾನು ಹೊರಡುತ್ತೇನೆ. ಬರುವಾಗ ಹಿಂದಿನ ಸೀಟಿನ ಮೇಲೆ ಅತ್ತೆ ಕಟ್ಟಿಕೊಟ್ಟ ಹಲಸಿನ ಹಣ್ಣು ಇರುತ್ತದೆ. ತಿರುವುಗಳಲ್ಲಿ ಅದು ನನ್ನ ಜೊತೆ ಸರಿಯಾಗಿ ವಾಲುತ್ತದೆ.