ಹಾಸನ ಕಡಲತೀರದ ನಲವತ್ತು ಸಿಬ್ಬಂದಿ

ಹಾಸನ ಜಿಲ್ಲೆಗೆ ಸಮುದ್ರವಿಲ್ಲ. ಈ ಕೊರತೆಯನ್ನು ಜಲಮಾಲಿನ್ಯ ತಪಾಸಣಾ ಕಚೇರಿಯ ಅಧಿಕಾರಿ ಚಂದ್ರಮೌಳಿಯವರು ಮೇಲಿನವರಿಗೆ ಲಿಖಿತವಾಗಿ ತಿಳಿಸಿದ್ದರು. ಕಡಲ ನೀರಿನಲ್ಲಿ ಸೀಸ, ಪಾದರಸ ಮುಂತಾದ ಭಾರಲೋಹ ಎಷ್ಟಿದೆಯೆಂದು ಎಲ್ಲ ಜಿಲ್ಲೆಗಳೂ ಕಡಲ ಬಸವನಹುಳುಗಳಿಂದ ಪತ್ತೆ ಮಾಡತಕ್ಕದ್ದು ಎಂಬ ಸುತ್ತೋಲೆಗೆ ಅದು ಉತ್ತರ. ಮರುಟಪಾಲಿನಲ್ಲೇ ಜವಾಬು ಬಂತು: ‘ಸಮುದ್ರ ಇಲ್ಲವೆಂಬುದಕ್ಕೆ ದೃಢೀಕರಣ ಲಗತ್ತಿಸಿಲ್ಲ. ಸಲ್ಲಿಸುವವರೆಗೆ ಇದೆಯೆಂದೇ ಪರಿಗಣಿಸಲಾಗುವುದು.’

ಅದರ ಹಿಂದೆಯೇ ಕಾರವಾರದ ಬಸ್ಸಿನಲ್ಲಿ, ಉಪ್ಪುನೀರಿನ ಡ್ರಮ್ಮಿನೊಳಗೆ, ನಲವತ್ತು ಬಸವನಹುಳು ಬಂದಿಳಿದವು. ಶೆಟ್ಟಿಹಳ್ಳಿಯ ಹಿನ್ನೀರಿಗೆ ಬಿಟ್ಟರೆ ಸಿಹಿನೀರಿಗೆ ಸತ್ತಾವೆಂದು, ಕಚೇರಿಯ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಉಪ್ಪುನೀರು ತುಂಬಿ, ‘ಹಾಸನ ಕಡಲತೀರ’ ಎಂದು ಬೋರ್ಡು ನೆಡಲಾಯಿತು.

ಹುಳುಗಳ ಉಸ್ತುವಾರಿ ಪ್ರಯೋಗಾಲಯದ ಸಹಾಯಕಿ ಅನಂತಮತಿಗೆ ಬಿತ್ತು. ಜಿನನಾಥಪುರದ ಹೆಣ್ಣುಮಗಳು, ಬಸದಿಗೆ ಹೋಗದೆ ತಿಂಡಿ ಮುಟ್ಟಿದವಳಲ್ಲ, ಸೋಸದೆ ನೀರು ಕುಡಿದವಳಲ್ಲ. ತಿಂಗಳೊಪ್ಪತ್ತಿನಲ್ಲಿ ಯಾವ ಹುಳು ಸೋಮಾರಿ, ಯಾವುದು ಚುರುಕು ಎಂದು ಹೇಳಬಲ್ಲವಳಾದಳು. ಆಗ ಸುತ್ತೋಲೆಯ ಎರಡನೇ ಪುಟ ಬಂತು: ಹುಳುಗಳನ್ನು ಒಣಗಿಸಿ, ಅರೆದು, ಪುಡಿಯನ್ನು ಪರೀಕ್ಷಿಸತಕ್ಕದ್ದು.

ಅನಂತಮತಿಗೆ ಎರಡು ದಿನ ಊಟ ಸೇರಲಿಲ್ಲ. ಸೋಮವಾರ ಸುತ್ತೋಲೆ ಹಿಡಿದೇ ಚಂದ್ರಮೌಳಿಯವರ ಕೋಣೆಗೆ ಹೋದಳು.

“ಸಾರ್, ನನ್ ಕೈಲಿ ಅರೆಯೋಕಾಗಲ್ಲ.”

“ನೋಡಮ್ಮ, ಅರೀದಿದ್ರೆ ನಿನ್ನನ್ನ ಬೀದರಿಗೆ ಹಾಕ್ತಾರೆ.”

“ಮೊದಲನೇ ಪುಟ ಓದಿ ಸಾರ್. ‘ತಪಾಸಣೆಯನ್ನು ಬಸವನಹುಳುಗಳೇ ನಿರ್ವಹಿಸತಕ್ಕದ್ದು’ ಅಂತಿದೆ. ತಪಾಸಣೆ ಮಾಡೋರು ಸಿಬ್ಬಂದಿ ತಾನೆ? ಸಿಬ್ಬಂದೀನ ನೋಟೀಸು ಕೊಡದೆ ಅರೆಯೋಕಾಗುತ್ತಾ?”

ಚಂದ್ರಮೌಳಿಯವರು ಮೊದಲನೇ ಪುಟ ತೆಗೆದು ಎರಡು ಸಲ ಓದಿದರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರು ನಿಯಮ ಮೀರಿದವರಲ್ಲ. ಅಂದೇ ನಲವತ್ತು ನೋಟೀಸು ತೊಟ್ಟಿಯ ಗೋಡೆಗೆ ಅಂಟಿದವು: ‘ತಮ್ಮನ್ನೇಕೆ ಅರೆಯಬಾರದೆಂದು ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’ ಯಾರೂ ನೀಡಲಿಲ್ಲ. ಮೂರು ನೆನಪೋಲೆ ಹೋದವು. ಕೊನೆಗೆ ಮೇಲಿನಿಂದ ಆದೇಶ ಬಂತು: ಇಲಾಖಾ ವಿಚಾರಣೆ ಮುಗಿಯುವವರೆಗೆ ಅರೆಯುವ ಕಾರ್ಯ ತಡೆಹಿಡಿಯಲಾಗಿದೆ. ಅನಂತಮತಿ ಕಚೇರಿಗೆಲ್ಲ ಮೈಸೂರುಪಾಕು ಹಂಚಿದಳು.

ಪುಡಿಯೇ ಇಲ್ಲದ್ದರಿಂದ ವರದಿಯಲ್ಲಿ ಸೀಸದ ಮುಂದೆ ಸೊನ್ನೆ ಬಿತ್ತು, ಪಾದರಸದ ಮುಂದೆಯೂ ಸೊನ್ನೆ. ಆ ವರ್ಷ ಅತ್ಯಂತ ಶುದ್ಧ ಕಡಲತೀರದ ಫಲಕ ಹಾಸನಕ್ಕೇ ಬಂತು.

ಈಗ ದಿನಾ ಬೆಳಿಗ್ಗೆ ಹತ್ತಕ್ಕೆ ಜವಾನ ಬೈರಯ್ಯ ತೊಟ್ಟಿಗೆ ಬಗ್ಗಿ ಹಾಜರಿ ತೆಗೆದುಕೊಳ್ಳುತ್ತಾನೆ.

“ಮೂವತ್ತೊಂಬತ್ತೇ ಜನ ಅವ್ರೆ ಸಾ. ಒಬ್ರು ಕಲ್ಲಿನ್ ಕೆಳೀಕೆ ಓಗ್ಬುಟ್ಟವ್ರೆ.”

“ಹತ್ತೂವರೆವರೆಗೆ ನೋಡು,” ಎನ್ನುತ್ತಾರೆ ಚಂದ್ರಮೌಳಿ, ಕಡತದಿಂದ ತಲೆಯೆತ್ತದೆ. “ಬರ್ಲಿಲ್ಲ ಅಂದ್ರೆ ಅರ್ಧ ದಿನ ರಜೆ ಹಾಕು.”